ಒಂದು ರೂಪಾಯಿ ನೋಟು ಮತ್ತು ಉಪ್ಪುನೀರಿನ ದ್ವೀಪ

ಗೊಸಾಬಾ ಅನ್ನೋ ಊರಿನ ಹೆಸರು ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ಪಶ್ಚಿಮ ಬಂಗಾಳದ ಸುಂದರಬನದಲ್ಲಿರುವ ಒಂದು ದ್ವೀಪ ಅದು. 1936ರಲ್ಲಿ ಈ ದ್ವೀಪಕ್ಕೆ ಅದರದ್ದೇ ಒಂದು ರೂಪಾಯಿ ನೋಟು ಇತ್ತು! ನಮ್ಮ ರಿಸರ್ವ್ ಬ್ಯಾಂಕ್ ಶುರುವಾಗಿ ಆಗಿನ್ನೂ ಒಂದೇ ವರ್ಷ. ಆ ನೋಟಿನ ಹಿಂದೆ ಚಿನ್ನ ಇರಲಿಲ್ಲ, ಬೆಳ್ಳಿ ಇರಲಿಲ್ಲ. ಇದ್ದದ್ದು ಬೆವರು. ಒಡ್ಡು ಕಟ್ಟು, ಕೆರೆ ತೋಡು, ಕಾಡು ಕಡಿದು ಗದ್ದೆ ಮಾಡು, ಆ ದುಡಿಮೆಯೇ ನೋಟಿನ ಬೆಲೆ. ಸಹಕಾರಿ ಭಂಡಾರಕ್ಕೆ ಹೋಗಿ ಕೊಟ್ಟರೆ ಅಕ್ಕಿ, ಬಟ್ಟೆ, ಎಣ್ಣೆ ಸಿಗ್ತಿತ್ತು.

ಇದನ್ನು ಮಾಡಿದವರು ಸರ್ ಡೇನಿಯಲ್ ಹ್ಯಾಮಿಲ್ಟನ್. ಸ್ಕಾಟ್ಲೆಂಡಿನವರು, ಕಲ್ಕತ್ತಾದ ದೊಡ್ಡ ಹಡಗು ಕಂಪನಿಯೊಂದರಲ್ಲಿ ದುಡ್ಡು ಮಾಡಿದವರು. 1903ರಲ್ಲಿ ಸರ್ಕಾರದಿಂದ ಸಾವಿರಾರು ಎಕರೆ ಪಡೆದು ಗೊಸಾಬಾ, ರಾಂಗಾಬೇಲಿಯಾ, ಸಾತ್‌ಜೇಲಿಯಾಗಳಲ್ಲಿ ಬಡವರನ್ನು ನೆಲೆಗೊಳಿಸಿದರು. ಜಾತಿ ಬೇಧ ಇಲ್ಲಿ ನಡೆಯಲ್ಲ ಅಂದರು. ಬಡ್ಡಿ ಸಾಹುಕಾರರಿಗೆ ಜಾಗ ಇಲ್ಲ ಅಂದರು. ಸಹಕಾರಿ ಸಾಲ ಸಂಘ, ಅಕ್ಕಿ ಗಿರಣಿ, ಮಾದರಿ ತೋಟ, ಶಾಲೆ ಎಲ್ಲ ಬಂತು. 1932ರಲ್ಲಿ ರವೀಂದ್ರನಾಥ ಠಾಕೂರರೇ ಹೋಗಿ ನೋಡಿ ಬಂದರು.

ಈ ಹಳೇ ಕಥೆ ಈಗ್ಯಾಕೆ ಅಂತೀರಾ? ಹೇಳ್ತೀನಿ. ದ್ವೀಪದ ಜನ ಹವಾಮಾನ ಬದಲಾವಣೆಗೆ ಹೊಂದಿಕೊಂಡು ಬದುಕು ಕಟ್ಟಿಕೊಳ್ಳಬೇಕು ಅಂತ ಇವತ್ತು ಜಗತ್ತೆಲ್ಲ ಸಭೆ ನಡೀತಿದೆ. ದ್ವೀಪದ ಬದುಕಿಗೆ ಯೋಜನೆ ಹಾಕೋ ಕೆಲಸವನ್ನು ಸುಂದರಬನ ನೂರು ವರ್ಷದ ಹಿಂದೆಯೇ ಮಾಡಿ ನೋಡಿದೆ. ಅದರಲ್ಲಿ ಗೆದ್ದದ್ದೇನು, ಸೋತದ್ದೇನು ಅನ್ನೋದು ನಮ್ಮ ಕಣ್ಣಮುಂದಿದೆ. ಆದರೆ ನೋಡೋರು ಯಾರು?

ಸೋತದ್ದು ಎಲ್ಲಿ ಅಂತ ಮೊದಲು ನೋಡೋಣ. ಸುಂದರಬನದ ನೆಲ ನದಿ ತಂದು ಹಾಕಿದ ಹೂಳು. ದಿನಕ್ಕೆ ಎರಡು ಸಲ ಭರತ ಬರುತ್ತೆ, ಹೂಳು ಬಿಟ್ಟು ಹೋಗುತ್ತೆ, ನೆಲ ಸ್ವಲ್ಪ ಸ್ವಲ್ಪ ಏರುತ್ತೆ. ಅದು ಸಾಕಷ್ಟು ಏರೋ ಮೊದಲೇ ಬ್ರಿಟಿಷರು ಕಂದಾಯದ ಆಸೆಗೆ ಕಾಡು ಕಡಿಸಿದರು. 1770ರ ದಶಕದಿಂದಲೇ ಈ ಕೆಲಸ ಶುರು. ಸುತ್ತ ಮಣ್ಣಿನ ಒಡ್ಡು ಹಾಕಿದರು. ಉಪ್ಪುನೀರು ನಿಂತಿತು ನಿಜ, ಜೊತೆಗೆ ಹೂಳೂ ನಿಂತಿತು! ಒಳಗಿನ ಗದ್ದೆ ತಗ್ಗಿನಲ್ಲೇ ಉಳಿಯಿತು, ಹೊರಗಿನ ನದಿಯ ಪಾತ್ರ ಏರಿತು. ಹಾಗಾಗಿ ಭರತದ ಹೊತ್ತಲ್ಲಿ ಎಷ್ಟೋ ಕಡೆ ನದಿ ಮೇಲೆ, ಊರು ಕೆಳಗೆ. ಮಧ್ಯೆ ಇರೋದು ಬರೀ ಮಣ್ಣಿನ ಗೋಡೆ. ಹ್ಯಾಮಿಲ್ಟನ್ ಸಾಹೇಬರ ಮಾದರಿ ಊರೂ ನಿಂತಿದ್ದು ಇದೇ ಗೋಡೆಯ ನಂಬಿಕೆ ಮೇಲೆ.

2009ರ ಮೇ 25. ಐಲಾ ಚಂಡಮಾರುತ. ನೂರಾರು ಕಿಲೋಮೀಟರ್ ಒಡ್ಡು ಕಿತ್ತುಹೋಯ್ತು. ಗದ್ದೆಗೆ ಉಪ್ಪುನೀರು, ಕುಡಿಯೋ ಕೆರೆಗೂ ಉಪ್ಪುನೀರು. ನೀರು ಇಳಿದರೂ ಉಪ್ಪು ಇಳಿಯಲಿಲ್ಲ. ಬಿತ್ತಿದ ಹೆಚ್ಚು ಇಳುವರಿ ತಳಿಗಳು ಸುಟ್ಟುಹೋದವು. ಗಂಡಸರು ಕೇರಳ, ತಮಿಳುನಾಡು, ನಮ್ಮ ಬೆಂಗಳೂರು ಅಂತ ಕಟ್ಟಡ ಕೆಲಸ ಹುಡುಕಿಕೊಂಡು ರೈಲು ಹತ್ತಿದರು. ನಿಮ್ಮ ಪಕ್ಕದ ಅಪಾರ್ಟ್‌ಮೆಂಟಿಗೆ ಸಿಮೆಂಟ್ ಹೊತ್ತ ಹುಡುಗನನ್ನು 'ಎಲ್ಲಿಂದ ಬಂದೆ' ಅಂತ ಗದರೋ ಮುಂಚೆ, ಯಾಕೆ ಬಂದೆ ಅಂತ ಒಮ್ಮೆ ಕೇಳಿ ಸ್ವಾಮಿ.

ಆಗ ಜನರಿಗೆ ನೆನಪಾದದ್ದು ಅಜ್ಜಂದಿರ ಭತ್ತ. ನೋನಾ ಬೊಕ್ರಾ, ಮಾತ್ಲಾ, ಇವೆಲ್ಲ ಉಪ್ಪು ತಡೆಯುವ ನಾಡತಳಿಗಳು. ಒಂದು ತಳಿಯ ಹೆಸರಂತೂ ಹ್ಯಾಮಿಲ್ಟನ್! ಹಸಿರು ಕ್ರಾಂತಿಯ ಭರಾಟೆಯಲ್ಲಿ ಇವು ಹೊಲದಿಂದ ಹೆಚ್ಚುಕಮ್ಮಿ ಕಾಣೆಯಾಗಿದ್ದವು. ದೇಬಲ್ ದೇಬ್ ಅವರಂಥ ಸಂರಕ್ಷಕರು ಕಾಪಿಟ್ಟಿದ್ದ ಬೀಜ ರೈತರ ಕೈಗೆ ಮರಳಿತು. ಹೆಂಗಸರು ಒಡ್ಡಿನ ಹೊರಮೈಗೆ ಕಾಂಡ್ಲಾ ಗಿಡ ನೆಟ್ಟರು. ಎಷ್ಟೋ ಕಡೆ ನರೇಗಾ ಕೂಲಿಯಲ್ಲೇ ಈ ಕೆಲಸ ಆಯ್ತು. ಒಡ್ಡು ಕಟ್ಟಿದ ಕೈಗೆ ಕೂಲಿ, ಆ ಕೂಲಿಗೆ ಅಕ್ಕಿ. 1936ರ ನೋಟಿನ ಲೆಕ್ಕವೂ ಇದೇ ಅಲ್ಲವಾ?

ಆದರೂ ಎಲ್ಲ ಸರಿಹೋಯ್ತು ಅಂತ ಹೇಳಿದರೆ ಸುಳ್ಳಾಗುತ್ತೆ. 2020ರ ಮೇ 20ರಂದು ಅಂಫನ್ ಬಂದು ಮತ್ತೆ ಒಡ್ಡು ಒಡೆಯಿತು. ಲೋಹಾಚರ ದ್ವೀಪದವರು ನೆಲ ಕಳೆದುಕೊಂಡು ಸಾಗರ ದ್ವೀಪಕ್ಕೆ ಬಂದು ಎಷ್ಟೋ ವರ್ಷವಾಯ್ತು. ಘೋರಾಮಾರಾ ಅರ್ಧಕ್ಕಿಂತ ಹೆಚ್ಚು ಕರಗಿದೆ. ಯಾವ ಬೀಜವೂ ಮುಳುಗಿದ ನೆಲದಲ್ಲಿ ಮೊಳೆಯಲ್ಲ. ಅಂಥವರಿಗೆ ಬೇಕಾದದ್ದು ಬೇರೆ ನೆಲ, ಅದರ ಪಟ್ಟಾ, ಅದನ್ನು ಆರಿಸೋ ಹಕ್ಕು. ಅದೂ ಮುಳುಗೋ ಮೊದಲು.

ದೂರದ ಮಾತು ಅನ್ನಿಸ್ತಾ? ನಮ್ಮ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋಗಿ. ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟು ಮೀನು, ಸಿಗಡಿ. ಉಪ್ಪುನೀರು ನಿಂತರೂ ಕೆಲ ದಿನ ತಡೆದು ನಿಲ್ಲೋ ಭತ್ತ ಅದು. ಸಮುದ್ರದ ಜೊತೆ ಜಗಳವಾಡದೆ ಬದುಕೋ ಲೆಕ್ಕಾಚಾರವನ್ನು ನಮ್ಮ ಹಿರಿಯರು ಯಾವ ತಜ್ಞರ ವರದಿಗೂ ಕಾಯದೆ ಮಾಡಿಟ್ಟಿದ್ದರು. ಈಗ ಕಗ್ಗ ಬೆಳೆಯೋರು ಬೆರಳೆಣಿಕೆಯಷ್ಟು ಮಂದಿ.

ಹ್ಯಾಮಿಲ್ಟನ್ 1939ರಲ್ಲಿ ತೀರಿಕೊಂಡರು. ಆಮೇಲೆ ಎಸ್ಟೇಟೂ ಹೋಯ್ತು, ನೋಟೂ ಹೋಯ್ತು. ಯಾಕಂದ್ರೆ ಒಳ್ಳೇ ಮನುಷ್ಯನೇ ಆದರೂ ಯೋಜನೆ ಮೇಲಿಂದ ಬಂದಿತ್ತು. ಸಾಹೇಬರು ಹೋದ ಮೇಲೆ ಅದಕ್ಕೆ ವಾರಸುದಾರರು ಇರಲಿಲ್ಲ. ಬೀಜ ಉಳಿಯಿತು, ಯಾಕಂದ್ರೆ ಅದು ಜನರದ್ದು. ಮುಂದಿನ ಯೋಜನೆ ಬರೆಯೋರು ಕಾಂಕ್ರೀಟಿನ ಲೆಕ್ಕ ಹಾಕೋಕೆ ಮುಂಚೆ ದ್ವೀಪದ ಅಜ್ಜಿಯೊಬ್ಬಳ ಹತ್ತಿರ ಹೋಗಿ, 'ಅಮ್ಮಾ, ಉಪ್ಪುನೀರು ಬಂದಾಗ ನೀವು ಏನು ಬಿತ್ತುತ್ತಿದ್ದಿರಿ?' ಅಂತ ಕೇಳಲಿ. ಅಲ್ಲಿಂದ ಶುರು ಮಾಡಲಿ.