ಮಾಲ್ಡೀವ್ಸ್‌ನ ದ್ವೀಪ ರೆಸಾರ್ಟ್‌ಗಳು

ಹಿಂದೂ ಮಹಾಸಾಗರದ ಮಾಲ್ಡೀವ್ಸ್ ದೇಶದಲ್ಲಿ, ಜನವಸತಿಯಿಲ್ಲದ ಹವಳದ ದ್ವೀಪಗಳನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆದು ಕಟ್ಟಿದ ಐಷಾರಾಮಿ ಪ್ರವಾಸಿ ತಾಣಗಳಿವು. ಉತ್ತರ ದಕ್ಷಿಣವಾಗಿ ಸುಮಾರು 870 ಕಿಲೋಮೀಟರ್ ಚಾಚಿರುವ 26 ಅಟಾಲ್‌ಗಳಲ್ಲಿ ಸುಮಾರು 1,200 ದ್ವೀಪಗಳಿವೆ. ಜನ ನೆಲೆಸಿರುವ ದ್ವೀಪಗಳು 200ಕ್ಕಿಂತ ಕಡಿಮೆ, ರೆಸಾರ್ಟ್‌ಗಳು 160ಕ್ಕೂ ಹೆಚ್ಚು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಇಲ್ಲಿನ ಬಹುಕಾಲದ ನೀತಿ. ಪ್ರತಿ ದ್ವೀಪವೂ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುತ್ತದೆ, ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ನೀರು ಮಾಡಿಕೊಳ್ಳುತ್ತದೆ. ಅತಿಥಿಯ ಊಟ, ತಿರುಗಾಟ, ಔಷಧಿ ಎಲ್ಲವೂ ಆ ಒಂದು ದ್ವೀಪದೊಳಗೇ ನಡೆಯಬೇಕು. ಬೇರೆ ಊರುಗಳಲ್ಲಿ ಹೋಟೆಲು ಹಿಡಿಸದಿದ್ದರೆ ಊರನ್ನಾದರೂ ನೋಡಿಬರಬಹುದು. ಇಲ್ಲಿ ಹೋಟೆಲೇ ಊರು. ಆದ್ದರಿಂದ ಇಲ್ಲಿನ ರೆಸಾರ್ಟ್‌ಗಳನ್ನು ನಕ್ಷತ್ರಗಳ ಎಣಿಕೆಯಿಂದ ಹೋಲಿಸಿ ಪ್ರಯೋಜನವಿಲ್ಲ. ದ್ವೀಪ ಎಷ್ಟು ದೊಡ್ಡದು, ಹವಳದ ದಿಬ್ಬ ದಡಕ್ಕೆ ಎಷ್ಟು ಹತ್ತಿರ, ರಾಜಧಾನಿ ಮಾಲೆಯಿಂದ ಎಷ್ಟು ದೂರ ಎಂಬುದರ ಮೇಲೆ ಅದು ಯಾರಿಗೆ ಒಗ್ಗುತ್ತದೆ ಎಂಬುದು ನಿಲ್ಲುತ್ತದೆ.

ಹುಟ್ಟು

1972ರ ಫೆಬ್ರವರಿಯಲ್ಲಿ ಜಾರ್ಜ್ ಕಾರ್ಬಿನ್ ಎಂಬ ಪ್ರವಾಸ ಏಜೆಂಟ್ ಇಟಲಿಯಿಂದ ಒಂದು ತಂಡವನ್ನು ಕರೆತಂದಾಗ ಮಾಲೆಯಲ್ಲಿ ಹೋಟೆಲುಗಳಿರಲಿಲ್ಲ. ಬಂದವರು ಮನೆಗಳಲ್ಲಿ ತಂಗಿದರು. ಅದೇ ವರ್ಷದ ಅಕ್ಟೋಬರ್ 3ರಂದು ಮೊಹಮದ್ ಉಮರ್ ಮನಿಕು, ಅಹ್ಮದ್ ನಸೀಮ್, ಹುಸೇನ್ ಅಫೀಫ್ ಎಂಬ ಮೂವರು ತರುಣರ ಶ್ರಮದಿಂದ ವಿಹಮನಾಫುಶಿ ದ್ವೀಪದಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. ಹವಳದ ಕಲ್ಲಿನ ಗೋಡೆ, ತೆಂಗಿನ ಗರಿಯ ಮಾಡು, 30 ಕೋಣೆ. ದಿವೇಹಿ ಭಾಷೆಯಲ್ಲಿ ಕುರುಂಬಾ ಎಂದರೆ ಎಳನೀರು. ಕನ್ನಡದ ಹಳೆಯ ನಿಘಂಟುಗಳಲ್ಲಿ ಎಳೆಯ ತೆಂಗಿನಕಾಯಿಗೆ ಕುರುಂಬೆ ಎಂಬ ಮಾತಿರುವುದನ್ನು ನೆನೆದರೆ, ಬೆಂಗಳೂರಿನಿಂದ ಎರಡು ಗಂಟೆಯ ಹಾರಾಟದಷ್ಟೇ ದೂರದ ಈ ನಾಡು ಇನ್ನಷ್ಟು ಹತ್ತಿರವೆನಿಸುತ್ತದೆ. ಅದೇ ವರ್ಷ ಬಂಡೋಸ್ ರೆಸಾರ್ಟ್ ಕೂಡ ಬಂತು.

ಹೆಸರಿನಲ್ಲಿರುವ ದ್ವೀಪದ ಗುಣ

ಅಟಾಲ್ ಎಂಬ ಪದದ ಮೂಲವೇ ದಿವೇಹಿಯ ಅತೊಳು. ಅದು ಉಂಗುರದಂತೆ ಬೆಳೆದ ಹವಳದ ದಿಬ್ಬ. ನಡುವೆ ತಿಳಿನೀರಿನ ಲಗೂನ್, ಅಂಚಿನಲ್ಲೂ ಒಳಗೂ ಚದುರಿದ ದ್ವೀಪಗಳು. ಮೀನುಗಾರರಾದ ಮಾಲ್ಡೀವ್ಸ್ ಜನ ಈ ನೆಲ ನೀರಿನ ಒಂದೊಂದು ರೂಪಕ್ಕೂ ಬೇರೆ ಹೆಸರಿಟ್ಟಿದ್ದಾರೆ. ರೆಸಾರ್ಟ್ ಆರಿಸುವವರಿಗೆ ಜಾಹೀರಾತಿನ ಚಿತ್ರಗಳಿಗಿಂತ ಈ ಹೆಸರುಗಳೇ ಹೆಚ್ಚು ಹೇಳುತ್ತವೆ. ಫುಶಿ ಎಂದು ಕೊನೆಯಾಗುವುದು ಸಾಮಾನ್ಯವಾಗಿ ಅಟಾಲಿನ ಅಂಚಿನಲ್ಲಿರುವ ದೊಡ್ಡ ದ್ವೀಪ. ಅಲ್ಲಿ ಮರಗಳಿರುತ್ತವೆ, ನಡೆದಾಡಲು ನೆರಳಿರುತ್ತದೆ. ಫಿನೊಳು ಎಂದರೆ ಮರಳುದಿಣ್ಣೆ, ಹಸಿರು ಕಡಿಮೆ, ಸುತ್ತ ವಿಶಾಲವಾದ ಆಳವಿಲ್ಲದ ನೀರು. ಫರು ಎಂದರೆ ಹವಳದ ದಿಬ್ಬ. ಗಿರಿ ಎಂಬುದು ನಮ್ಮ ಬೆಟ್ಟವಲ್ಲ, ನೀರಿನ ಮಟ್ಟದ ತುಸು ಕೆಳಗೆ ನಿಂತ ಹವಳದ ಗುಡ್ಡ. ಕಂಡು ಎಂದರೆ ಅಟಾಲಿನ ಒಳಗನ್ನು ತೆರೆದ ಕಡಲಿಗೆ ಸೇರಿಸುವ ಕಾಲುವೆ. ಇಂದಿನ ಫಿನೊಳುಗಳಲ್ಲಿ ತೆಂಗು ನೆಟ್ಟು, ಮರಳು ತುಂಬಿ ಬೆಳೆಸಿದವೂ ಇವೆ, ಹಾಗಾಗಿ ಹೆಸರೊಂದನ್ನೇ ನಂಬಿ ಹೊರಡಬಾರದು. ಆದರೂ ಮೊದಲ ಅಂದಾಜಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ದ್ವೀಪದ ರಚನೆಯಲ್ಲಿ ಒಂದು ಕೊಡು ಕೊಳ್ಳುವಿಕೆ ಇದೆ. ತಿಳಿನೀಲಿ ಲಗೂನ್ ಅಗಲವಾಗಿರುವ ಕಡೆ ಹವಳದ ದಿಬ್ಬ ದೂರವಿರುತ್ತದೆ. ಮೀನು ನೋಡಲು ದೋಣಿ ಹತ್ತಬೇಕು. ದಿಬ್ಬದ ಅಂಚು ದಡದಿಂದ ಇಪ್ಪತ್ತು ಮೂವತ್ತು ಮೀಟರಿನಲ್ಲೇ ಇರುವ ಕಡೆ ಬೆಳಗ್ಗೆ ಎದ್ದು ನೀರಿಗಿಳಿದರೆ ಸಾಕು, ಆಮೆಯೂ ಗಿಣಿಮೀನೂ ಕಾಣುತ್ತವೆ. ಆದರೆ ಅಲ್ಲಿ ಕಾಲಡಿಯ ನೆಲ ಒಮ್ಮೆಲೇ ಆಳಕ್ಕಿಳಿಯುತ್ತದೆ, ಸೆಳೆತವೂ ಇರುತ್ತದೆ. ಎರಡೂ ಒಂದೇ ಕಡೆ ಸಿಗುವುದು ಅಪರೂಪ. ಈಜು ಬಾರದವರಿಗೆ ಮೊದಲನೆಯದು, ಬಲ್ಲವರಿಗೆ ಎರಡನೆಯದು.

ಋತು ಮತ್ತು ಮರಳು

ಮಾಲ್ಡೀವ್ಸ್‌ಗೆ ಎರಡೇ ಕಾಲ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತದ ಒಣಗಾಲ ಇರುವೈ; ಉಳಿದದ್ದು ನೈರುತ್ಯ ಮಾರುತದ ಮಳೆಗಾಲ ಹುಳಂಗು. ಇವುಗಳೊಳಗೆ 13, 14 ದಿನಗಳ, ನಕೈ ಎಂಬ 27 ಅವಧಿಗಳು. ಅಸ್ಸಿದ, ಬುರುನು, ಕೇತಿ, ರೋನು, ಮಿಯಾಹೆಲಿ, ಅದ ಎಂದು ಸಾಗುವ ಆ ಪಟ್ಟಿಯಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರೆಗಳನ್ನು ನಮ್ಮ ಯಾವ ರೈತನಾದರೂ ಗುರುತಿಸಬಲ್ಲ. ದಿನಾಂಕಗಳಿಗೂ ನಮ್ಮ ಮಳೆ ನಕ್ಷತ್ರಗಳಿಗೂ ಕೆಲವೇ ದಿನಗಳ ಅಂತರ. ಮೀನು ಯಾವಾಗ ಬರುತ್ತದೆ, ಕಡಲು ಯಾವಾಗ ಒರಟಾಗುತ್ತದೆ ಎಂಬುದನ್ನು ಅಲ್ಲಿನ ಹಿರಿಯರು ಈ ಲೆಕ್ಕದಲ್ಲೇ ಹೇಳುತ್ತಾರೆ.

ಗಾಳಿ ತಿರುಗಿದಂತೆ ಮರಳೂ ತಿರುಗುತ್ತದೆ. ನೈರುತ್ಯ ಮಾರುತದ ಅಲೆಗಳು ದ್ವೀಪದ ಮರಳನ್ನು ಪೂರ್ವದ ಕಡೆಗೆ ತಳ್ಳುತ್ತವೆ, ಈಶಾನ್ಯ ಮಾರುತ ಅದನ್ನು ಪಶ್ಚಿಮಕ್ಕೆ ಮರಳಿಸುತ್ತದೆ. ಜನವರಿಯಲ್ಲಿ ವಿಲ್ಲಾದ ಮೆಟ್ಟಿಲಿಂದ ಹತ್ತು ಹೆಜ್ಜೆ ಮರಳು ಇದ್ದಲ್ಲಿ ಜುಲೈ ತಿಂಗಳಲ್ಲಿ ನೀರು ಮೆಟ್ಟಿಲಿಗೇ ಬಂದು ಬಡಿಯುವುದುಂಟು. ಬೀಚ್ ವಿಲ್ಲಾ ಕಾದಿರಿಸುವವರು ತಾವು ಹೋಗುವ ತಿಂಗಳಲ್ಲಿ ಯಾವ ಬದಿಗೆ ಮರಳು ಇರುತ್ತದೆಂದು ಕೇಳಲೇಬೇಕು. ಬಹುಮಂದಿ ಕೇಳುವುದಿಲ್ಲ.

ಪಯಣದ ದೂರ

ವೆಲಾನಾ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿರುವ ಹುಳುಲೆ ದ್ವೀಪದಿಂದ ಉತ್ತರ ಮತ್ತು ದಕ್ಷಿಣ ಮಾಲೆ ಅಟಾಲ್‌ಗಳ ರೆಸಾರ್ಟ್‌ಗಳಿಗೆ ಸ್ಪೀಡ್‌ಬೋಟ್ ಇದೆ. ಕುರುಂಬಾಗೆ ಹತ್ತು ನಿಮಿಷ, ತಾಜ್ ಎಕ್ಸಾಟಿಕಾ ಇರುವ ಎಂಬೂದು ಫಿನೊಳುವಿಗೆ ಹದಿನೈದು ನಿಮಿಷ. ದೂರದ ಅಟಾಲ್‌ಗಳಿಗೆ ಸೀಪ್ಲೇನ್, ಇಲ್ಲವೆ ದೇಶೀಯ ವಿಮಾನ ಮತ್ತು ದೋಣಿ. ಸೀಪ್ಲೇನ್ ಎಂದರೆ ಇಲ್ಲಿ ಹೆಚ್ಚಾಗಿ ಡಿ ಹ್ಯಾವಿಲ್ಯಾಂಡ್ ಕಂಪನಿಯ ಟ್ವಿನ್ ಆಟರ್. ಹದಿನೈದರಷ್ಟು ಆಸನ, ಬರಿಗಾಲಿನ ಪೈಲಟ್, ಕಿವಿಗಡಚಿಕ್ಕುವ ಎಂಜಿನ್. ಕಿಟಕಿಯಿಂದ ಕಾಣುವ ಹವಳದ ಉಂಗುರಗಳ ಸಾಲು ಆ ಸದ್ದನ್ನು ಮರೆಸುತ್ತದೆ. ಆದರೆ ಅದು ಹಗಲಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಮೂರೂವರೆಯ ನಂತರ ಇಳಿಯುವವರು ಆ ರಾತ್ರಿ ಮಾಲೆ ಅಥವಾ ಪಕ್ಕದ ಹುಳುಮಾಲೆಯಲ್ಲೇ ಕಳೆಯಲು ಸಿದ್ಧರಿರಬೇಕು. ಲಗೇಜು 20 ಕಿಲೋ, ಕೈಚೀಲ 5 ಕಿಲೋ. ತೇಲುವ ಕಟ್ಟೆಯಿಂದ ಕಿರಿದಾದ ಏಣಿ ಹತ್ತಬೇಕು, ಒಳಗೆ ಶೌಚಾಲಯವಿಲ್ಲ. ಮಂಡಿನೋವಿನ ತಂದೆ ತಾಯಿಯನ್ನು ಕರೆದೊಯ್ಯುವವರಿಗೆ ಸ್ಪೀಡ್‌ಬೋಟ್ ತಲುಪುವ ದ್ವೀಪವೇ ಲೇಸು, ಆಸ್ಪತ್ರೆಯೂ ಹತ್ತಿರ. ನೀರಿನ ಮೇಲಿನ ವಿಲ್ಲಾಗಳಿಗೆ ಹೋಗುವ ಮರದ ಸೇತುವೆ ಕೆಲವೆಡೆ ಅರ್ಧ ಕಿಲೋಮೀಟರಿನಷ್ಟು ಉದ್ದ. ಆದ್ದರಿಂದ ಹಿರಿಯರಿಗೆ ಊಟದ ಮನೆಯ ಸಮೀಪದ ಬೀಚ್ ವಿಲ್ಲಾವನ್ನೇ ಕೇಳಿ ಪಡೆಯಬೇಕು.

ಯಾರಿಗೆ ಯಾವ ದ್ವೀಪ

ಮಧುಚಂದ್ರಕ್ಕೆ ಬರುವವರ ಕಣ್ಣಲ್ಲಿರುವುದು ವಾಟರ್ ವಿಲ್ಲಾ. ಉತ್ತರ ಮಾಲೆ ಅಟಾಲಿನ ಗಿಲಿ ಲಂಕನ್‌ಫುಶಿಯಲ್ಲಿ ವಸತಿಗಳೆಲ್ಲ ನೀರಿನ ಮೇಲೆಯೇ. ನೂನು ಅಟಾಲಿನ ಸೊನೆವಾ ಜಾನಿಯಲ್ಲಿ (2016) ಮಲಗುವ ಕೋಣೆಯ ಛಾವಣಿ ಸರಿಸಿ ನಕ್ಷತ್ರ ನೋಡಬಹುದು, ಜಾರುಬಂಡೆಯಲ್ಲಿ ಜಾರಿ ನೇರ ಲಗೂನಿಗೆ ಬೀಳಬಹುದು. ಮಕ್ಕಳ ಸದ್ದಿಲ್ಲದ ಕಡೆ ಬೇಕೆನ್ನುವವರಿಗಾಗಿ ಲವಿಯಾನಿ ಅಟಾಲಿನ ಹುರಾವಳಿಯಂಥ ವಯಸ್ಕರ ರೆಸಾರ್ಟ್‌ಗಳಿವೆ. ಕಾನ್ರಾಡ್ ರಂಗಾಲಿ ರೆಸಾರ್ಟಿನ ಇತಾ ಎಂಬ ಊಟದ ಮನೆ 2005ರಲ್ಲಿ ನೀರಿನಡಿ 5 ಮೀಟರ್ ಆಳದಲ್ಲಿ ತೆರೆಯಿತು. ಪಾರದರ್ಶಕ ಕಮಾನಿನಡಿ 14 ಜನ ಕೂರಬಹುದು, ತಲೆಯ ಮೇಲೆ ತೊರಕೆ ಮೀನು ಹಾದುಹೋಗುತ್ತದೆ. ಒಂದು ಮಾತು ಹೇಳಲೇಬೇಕು: ವಾರವಿಡೀ ನೀರಿನ ಮೇಲೇ ಇದ್ದರೆ ಮರದ ನೆರಳು, ಕಾಲಿಗೆ ಮರಳು ಎರಡೂ ತಪ್ಪುತ್ತವೆ. ಮೊದಲ ಕೆಲವು ರಾತ್ರಿ ಬೀಚ್ ವಿಲ್ಲಾ, ಕೊನೆಯ ಎರಡು ರಾತ್ರಿ ವಾಟರ್ ವಿಲ್ಲಾ ಎಂದು ಹಂಚಿಕೊಳ್ಳುವವರು ಹೆಚ್ಚು ತೃಪ್ತರಾಗಿ ಮರಳುತ್ತಾರೆ.

ಚಿಕ್ಕ ಮಕ್ಕಳಿರುವ ಕುಟುಂಬಕ್ಕೆ ವಾಟರ್ ವಿಲ್ಲಾ ಬೇಡವೇ ಬೇಡ. ಅನೇಕ ರೆಸಾರ್ಟ್‌ಗಳು ಅದಕ್ಕೆ ವಯಸ್ಸಿನ ಮಿತಿ ಇಟ್ಟಿವೆ. ಮಕ್ಕಳಿಗೆ ಓಡಾಡಲು ನೆಲ ಬೇಕು. 2021ರಲ್ಲಿ ತೆರೆದ ನೂನು ಅಟಾಲಿನ ಸಿಯಾಮ್ ವರ್ಲ್ಡ್ 54 ಹೆಕ್ಟೇರಿನ ದೊಡ್ಡ ದ್ವೀಪ, ನೀರಲ್ಲಿ ತೇಲುವ ಆಟದ ಮೈದಾನವಿದೆ, ಊಟ ತಿಂಡಿಯೆಲ್ಲ ಬಾಡಿಗೆಯಲ್ಲೇ ಸೇರಿದೆ. ಬಾ ಅಟಾಲಿನ ಸೊನೆವಾ ಫುಶಿ ಬೇರೆಯೇ ಬಗೆಯದು. ಸೋನು ಶಿವದಾಸಾನಿ ಮತ್ತು ಈವಾ ದಂಪತಿ ಕುನ್‌ಫುನಾದೂ ದ್ವೀಪದಲ್ಲಿ 1995ರಲ್ಲಿ ಇದನ್ನು ತೆರೆದರು. ಬಂದವರ ಚಪ್ಪಲಿ ಚೀಲಕ್ಕೆ ಹೋಗುತ್ತದೆ, ಹೊರಡುವ ದಿನವೇ ಮರಳಿ ಸಿಗುತ್ತದೆ. ಕಾಡಿನ ನಡುವೆ ಮರದ ಮನೆಗಳು, ಓಡಾಡಲು ಸೈಕಲ್ಲು. ಬೆಲೆ ಬಹಳ ಹೆಚ್ಚು. ಆದರೆ ದ್ವೀಪವನ್ನು ದ್ವೀಪವಾಗಿಯೇ ಉಳಿಸಿಕೊಂಡ ರೀತಿಗೆ ಇದನ್ನು ಮೀರಿಸುವುದು ಕಷ್ಟ. ಬೇಗ ಬೇಜಾರಾಗುವವರಿಗೆ, ಅಂಗಡಿ ಬೀದಿ ಬೇಕೆನ್ನುವವರಿಗೆ ದಕ್ಷಿಣ ಮಾಲೆ ಅಟಾಲಿನಲ್ಲಿ 2019ರಲ್ಲಿ ತೆರೆದ ಕ್ರಾಸ್‌ರೋಡ್ಸ್ ಇದೆ. ಅದು ಲಗೂನಿನಲ್ಲಿ ಮರಳು ತುಂಬಿ ಮಾಡಿದ ದ್ವೀಪಗಳ ಗುಂಪು.

ಸಸ್ಯಾಹಾರಿಗಳು ಮುಂಚಿತವಾಗಿ ಬರೆದು ತಿಳಿಸುವುದು ಅಗತ್ಯ. ದೇಶದ ಆಹಾರವೇ ಸೂರೆ ಮೀನು (ಟ್ಯೂನಾ). ರೋಶಿ ಎಂಬ ಚಪಾತಿಯ ಜತೆ ಬೆಳಗಿನ ತಿಂಡಿಗೆ ಕೊಡುವ ಮಾಸ್ ಹುನಿ ನೋಡಲು ತೆಂಗಿನ ತುರಿಯ ಕೋಸಂಬರಿಯಂತಿದ್ದರೂ ಅದರಲ್ಲಿ ಮೀನಿರುತ್ತದೆ. ಒಂದೇ ಊಟದ ಮನೆಯಿರುವ ಸಣ್ಣ ದ್ವೀಪಕ್ಕಿಂತ ಭಾರತೀಯ ಅಡುಗೆಮನೆ ಇರುವ ಕುರುಂಬಾ, ತಾಜ್‌ನಂಥ ಕಡೆ ನೆಮ್ಮದಿ ಹೆಚ್ಚು. 2020ರಿಂದ 2023ರವರೆಗೆ ಅತಿ ಹೆಚ್ಚು ಪ್ರವಾಸಿಗರು ಬಂದದ್ದು ಭಾರತದಿಂದಲೇ ಆದ್ದರಿಂದ ಬೇಳೆ ಸಾರು, ಅನ್ನ ಈಗ ಬಹುತೇಕ ಕಡೆ ಸಿಗುತ್ತದೆ.

ಅಲೆ ಸವಾರಿಗೆ ಉತ್ತರ ಮಾಲೆ ಅಟಾಲಿನ ಪೂರ್ವದಂಚು, ಏಪ್ರಿಲಿನಿಂದ ಅಕ್ಟೋಬರ್‌ವರೆಗೆ. 1973ರಲ್ಲಿ ಹಡಗೊಡೆದು ಇಲ್ಲಿ ಸಿಲುಕಿದ ಆಸ್ಟ್ರೇಲಿಯಾದ ಟೋನಿ ಹಿಂಡ್ ಈ ಅಲೆಗಳನ್ನು ಕಂಡು ಇಲ್ಲೇ ನೆಲೆಸಿದರು. 2008ರಲ್ಲಿ ಅವರು ಕೊನೆಯುಸಿರೆಳೆದದ್ದೂ ತಮ್ಮ ಪ್ರೀತಿಯ ಪಾಸ್ತಾ ಪಾಯಿಂಟ್ ಅಲೆಗಳಲ್ಲೇ.

ಕಡಲೊಳಗನ್ನು ನೋಡಲೆಂದೇ ಬರುವವರಿಗೆ ಬಾ ಅಟಾಲ್ ಎಲ್ಲಕ್ಕಿಂತ ಮಿಗಿಲು. ಯುನೆಸ್ಕೊ 2011ರಲ್ಲಿ ಇದನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಅಲ್ಲಿನ ಹನಿಫಾರು ಕೊಲ್ಲಿ ಒಂದು ಫುಟ್‌ಬಾಲ್ ಮೈದಾನದಷ್ಟು. ಮೇ ತಿಂಗಳಿನಿಂದ ನವೆಂಬರ್‌ವರೆಗೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ಉಬ್ಬರದಲ್ಲಿ, ನೀರಿನೊಡನೆ ನುಗ್ಗಿದ ಸೂಕ್ಷ್ಮಜೀವಿಗಳು ಆ ಕೊಲ್ಲಿಯೊಳಗೆ ಸಿಕ್ಕಿಕೊಳ್ಳುತ್ತವೆ. ಅವನ್ನು ತಿನ್ನಲು ಮಂಟಾ ತೊರಕೆಗಳು ಬರುತ್ತವೆ. ರೆಕ್ಕೆಯಿಂದ ರೆಕ್ಕೆಗೆ ಮೂರು ನಾಲ್ಕು ಮೀಟರ್ ಅಗಲ, ಮೊರದಂತೆ ತೆರೆದ ಬಾಯಿ. ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಆಹಾರ ದಟ್ಟವಾಗಿದ್ದಲ್ಲಿ ಬೆನ್ನ ಮೇಲೆ ಪಲ್ಟಿ ಹೊಡೆಯುತ್ತ ಅದೇ ಜಾಗದಲ್ಲಿ ಸುತ್ತುತ್ತವೆ. ಆಗ ಬಿಳಿಯ ಹೊಟ್ಟೆ ಮೇಲಾಗುತ್ತದೆ, ಅದರ ಮೇಲಿನ ಕಪ್ಪು ಚುಕ್ಕಿಗಳು ಸ್ಪಷ್ಟವಾಗಿ ಕಾಣುತ್ತವೆ. ಆ ಚುಕ್ಕಿಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಒಂದರಂತೆ ಇನ್ನೊಂದಕ್ಕಿಲ್ಲ. ಮಂಟಾ ಟ್ರಸ್ಟ್‌ನ ಸಂಶೋಧಕರು ಅದರಿಂದಲೇ ಒಂದೊಂದನ್ನೂ ಗುರುತಿಟ್ಟಿದ್ದಾರೆ. ಕೊಲ್ಲಿಯಲ್ಲಿ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವುದು, ಮುಟ್ಟುವುದು ನಿಷಿದ್ಧ. ಮೇಲೆ ತೇಲುತ್ತ ನೋಡಬೇಕು, ಕಾವಲುಗಾರರು ಇರುತ್ತಾರೆ. ಇದಕ್ಕಾಗಿ ಮಳೆಗಾಲದಲ್ಲಿ ಬರುವುದು ಸಾರ್ಥಕ. ಬಾಡಿಗೆಯೂ ಆಗ ಕಡಿಮೆ. ತಿಮಿಂಗಿಲ ಶಾರ್ಕ್ ನೋಡಬೇಕೆಂದರೆ ದಕ್ಷಿಣ ಆರಿ ಅಟಾಲಿಗೆ ಹೋಗಬೇಕು, ಅಲ್ಲಿ ಅವು ವರ್ಷವಿಡೀ ಇರುತ್ತವೆ. 2010ರಲ್ಲಿ ದೇಶದಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಲಾಯಿತು. ದಿನಕ್ಕೆ ಮೂರು ಬಾರಿ ಮುಳುಗುವ ಹಂಬಲವಿರುವವರು ರೆಸಾರ್ಟ್ ಬಿಟ್ಟು, ಅಟಾಲಿನಿಂದ ಅಟಾಲಿಗೆ ಸಾಗುವ ಸಫಾರಿ ದೋಣಿ ಹಿಡಿಯುವುದೇ ಒಳ್ಳೆಯದು.

1998ರಲ್ಲಿ, ಮತ್ತೆ 2016ರಲ್ಲಿ ಕಡಲು ಬಿಸಿಯಾಗಿ ಹವಳ ಬಿಳಿಚಿಕೊಂಡಿತು. ಹವಳದೊಳಗೆ ನೆಲೆಸಿ ಅದಕ್ಕೆ ಬಣ್ಣವನ್ನೂ ಆಹಾರವನ್ನೂ ಕೊಡುವ ಪಾಚಿ ಶಾಖಕ್ಕೆ ಹೊರಬಿದ್ದರೆ ಉಳಿಯುವುದು ಸುಣ್ಣದ ಎಲುಬು. ಬಾ ಅಟಾಲಿನ ಲಾಂಡಾ ಗಿರಾವರುವಿನಂಥ ಕಡೆ ಕಬ್ಬಿಣದ ಚೌಕಟ್ಟಿಗೆ ಹವಳದ ತುಣುಕು ಕಟ್ಟಿ ಬೆಳೆಸುತ್ತಿದ್ದಾರೆ. ಹತ್ತು ವರ್ಷದ ಹಿಂದಿನ ಚಿತ್ರ ನೋಡಿ ದ್ವೀಪ ಆರಿಸದೆ, ದಿಬ್ಬ ಈಗ ಹೇಗಿದೆಯೆಂದು ರೆಸಾರ್ಟಿನ ಕಡಲ ಜೀವಿತಜ್ಞರನ್ನೇ ಕೇಳಬೇಕು.

ವೆಚ್ಚ

ಜಾಲತಾಣದಲ್ಲಿ ಕಾಣುವ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಸೇವಾಶುಲ್ಕ, ತೆರಿಗೆ ಸೇರಿಲ್ಲ ಎಂದರ್ಥ. ರಾತ್ರಿಗೆ 500 ಡಾಲರ್ ಎಂದಿದ್ದರೆ ಶೇ. 10 ಸೇವಾಶುಲ್ಕ ಸೇರಿ 550. ಅದರ ಮೇಲೆ 2025ರ ಜುಲೈಯಿಂದ ಜಾರಿಯಾದ ಶೇ. 17ರ ಪ್ರವಾಸಿ ತೆರಿಗೆ ಸೇರಿ 643.50, ತಲೆಗೆ 12 ಡಾಲರಿನ ಹಸಿರು ತೆರಿಗೆ ಇಬ್ಬರಿಗೆ 24. ಒಟ್ಟು 667.50 ಡಾಲರ್. ಸೀಪ್ಲೇನ್ ಬೇರೆ, ಹೋಗಿಬರಲು ತಲೆಗೆ 400 ಡಾಲರ್ ಮೀರುವುದು ಸಾಮಾನ್ಯ. ಎಲ್ಲ ವಸ್ತುವೂ ಹೊರಗಿಂದ ಬರುವುದರಿಂದ ಊಟದ ಬೆಲೆ ಕೈ ಸುಡುತ್ತದೆ. ಕುಟುಂಬಕ್ಕೆ ಊಟ ಸೇರಿದ ಬಾಡಿಗೆಯೇ ಕೊನೆಗೆ ಅಗ್ಗವಾಗುತ್ತದೆ.

2009ರ ನಂತರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅನುಮತಿ ಸಿಕ್ಕಿತು. ಮಾಫುಶಿ ಇವುಗಳಲ್ಲಿ ಹೆಸರಾದದ್ದು. ಅಲ್ಲಿ ಮದ್ಯವಿಲ್ಲ, ಗೊತ್ತುಪಡಿಸಿದ ದಂಡೆ ಬಿಟ್ಟರೆ ಉಡುಪಿನಲ್ಲಿ ಸ್ಥಳೀಯರ ಮರ್ಯಾದೆ ಪಾಲಿಸಬೇಕು. ರೆಸಾರ್ಟಿನಲ್ಲಿ ಹದಿನೈದು ದಿನವಿದ್ದರೂ ಕಾಣದ ಮಾಲ್ಡೀವ್ಸ್ ಅಲ್ಲಿದೆ: ಸಂಜೆ ಬಂದರಿನ ಬಳಿ ಹಗ್ಗದಿಂದ ಹೆಣೆದ ಜೋಲಿ ಎಂಬ ಕುರ್ಚಿಗಳಲ್ಲಿ ಕಾಲು ಚಾಚಿ ಕುಳಿತ ಮುದುಕರು, ದೋಣಿಯಿಂದ ಇಳಿಯುತ್ತಿರುವ ಮೀನು, ನಮಾಜಿನ ಕರೆ, ಶಾಲೆ ಬಿಟ್ಟು ಸೈಕಲ್ಲಲ್ಲಿ ಬರುವ ಮಕ್ಕಳು.