'ಈಸ್' ಅನ್ನೋದು ಏನು ಕೆಲಸ ಮಾಡುತ್ತೆ ಅಪ್ಪಾ?

ಮೊನ್ನೆ ಪ್ಲೇನ್ಸ್‌ಬರೋದ ನಮ್ಮ ಮನೇಲಿ ಮಗಳ ಹೋಮ್‌ವರ್ಕು: ವಾಕ್ಯದಲ್ಲಿ ವರ್ಬ್ ಹುಡುಕಿ ಗೆರೆ ಎಳೆಯಬೇಕು. 'ದಿಸ್ ಈಸ್ ಅವರ್ ಹೌಸ್' ಅನ್ನೋದ್ರಲ್ಲಿ 'ಈಸ್' ಏನು ಕೆಲಸ ಮಾಡುತ್ತೆ ಅಂತ ಕೇಳಿದ್ಲು. ನಾನು ತಡವರಿಸಿದೆ.

ವಾಕ್ಯಕ್ಕೆ ಗೆರೆ ಎಳೆಯೋ ಕಥೆಗೆ ನಮ್ಮ ಹತ್ತಿರದ ಬ್ರೂಕ್ಲಿನ್ನಿನ ನಂಟಿದೆ. ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಿದ್ದ ಅಲಾಂಜೋ ರೀಡ್ ಮತ್ತು ಬ್ರೇನರ್ಡ್ ಕೆಲಾಗ್ 1877ರಲ್ಲಿ 'ಹೈಯರ್ ಲೆಸನ್ಸ್ ಇನ್ ಇಂಗ್ಲಿಷ್' ಎಂಬ ಪಠ್ಯಪುಸ್ತಕ ತಂದರು. ವಾಕ್ಯಕ್ಕೊಂದು ಅಡ್ಡಗೆರೆ, ಅದನ್ನು ಸೀಳುವ ಉದ್ದಗೆರೆಯ ಎಡಕ್ಕೆ ಕರ್ತೃ, ಬಲಕ್ಕೆ ಕ್ರಿಯಾಪದ. ಕರ್ಮಪದದ ಮುಂದೆ ಗಿಡ್ಡ ನೇರಗೆರೆ. 'ಈಸ್' ಆದ ಮೇಲೆ ಮಾತ್ರ ಕರ್ತೃವಿನ ಕಡೆ ವಾಲಿದ ಓರೆಗೆರೆ! ಅಂದ್ರೆ 'ಈಸ್' ಕೊಂಡಿ ಅಷ್ಟೇ.

ಕನ್ನಡಕ್ಕೆ ಆ ಕೊಂಡಿ ಬೇಡ ನೋಡಿ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕ್ರಿಯಾಪದಕ್ಕೆಂದೇ ಆಖ್ಯಾತ ಪ್ರಕರಣ ಬರೆದ. ಆದ್ರೂ 'ಇದು ನಮ್ಮ ಮನೆ' ಅನ್ನೋಕೆ ನಮಗೆ ಕ್ರಿಯಾಪದವೇ ಬೇಕಿಲ್ಲ.

ಸಂಜೆ ಮಗಳು ವೀಡಿಯೋ ಕಾಲ್‌ನಲ್ಲಿ ಅಜ್ಜಿಗೆ ಮನೆ ತೋರಿಸ್ತಾ, "ಇದು ನಮ್ಮ ಮನೆ ಇದೆ" ಅಂದ್ಲು. ಅಜ್ಜಿ ನಕ್ಕರು. ನನಗೆ ಆ 'ಇದೆ' ಚುಚ್ಚಿತು. ತಿದ್ದೋಕೆ ಹೋಗಿ ಸುಮ್ಮನಾದೆ... ಅಜ್ಜಿ ಹತ್ರ ಕನ್ನಡದಲ್ಲೇ ಮಾತಾಡ್ತಿದ್ಲಲ್ಲ! ನೀವಾಗಿದ್ರೆ ತಿದ್ದುತ್ತಿದ್ರಾ?