ಸೊಂಟಕ್ಕೆ ಗೊತ್ತಿದ್ದದ್ದು ದವಡೆಗೆ ತಲುಪಲಿಲ್ಲ

ಕಿವಿಯ ಮುಂದೆ ಬೆರಳಿಟ್ಟು ಒಮ್ಮೆ ಬಾಯಿ ತೆರೆದು ಮುಚ್ಚಿ ನೋಡಿ. ಒಳಗೆ ಏನೋ ಜಾರಿದ ಹಾಗಾಗುತ್ತೆ ಅಲ್ವಾ? ಅದೇ ದವಡೆ ಕೀಲು. ಎರಡು ಮೂಳೆಗಳು ಉಜ್ಜದಿರಲಿ ಅಂತ ನಡುವೆ ಒಂದು ಪುಟ್ಟ ಮೆತ್ತೆ ಇದೆ, ಡಿಸ್ಕ್ ಅಂತಾರೆ. ಅದು ಜಾಗ ಬಿಟ್ಟು ಸರಿದರೆ ಬಾಯಿ ತೆರೆದಾಗ 'ಟಕ್' ಅನ್ನುತ್ತೆ. ಕೆಲವರಿಗೆ ನೋವು, ಇನ್ನು ಕೆಲವರಿಗೆ ಬಾಯಿ ಪೂರ್ತಿ ತೆರೆಯೋಕೇ ಆಗಲ್ಲ. ಡೆಡ್‌ಲೈನ್ ಹತ್ತಿರ ಬಂದಾಗ ಹಲ್ಲು ಕಚ್ಚಿಕೊಂಡು ಕೂರುವವರಿಗೆ ಇದರ ಪರಿಚಯ ಇರಬಹುದು.

ಈ ಕೀಲಿನ ಇತಿಹಾಸ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಟೆಫ್ಲಾನ್. ಹೌದು, ನಾನ್‌ಸ್ಟಿಕ್ ದೋಸೆ ತವಾದ ಮೇಲಿರುವ ಅದೇ ಟೆಫ್ಲಾನ್.

1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂಳೆ ಸರ್ಜನ್ ಜಾನ್ ಚಾರ್ನ್ಲಿ ಸವೆದ ಸೊಂಟದ ಕೀಲಿಗೆ ಟೆಫ್ಲಾನ್ ಬಟ್ಟಲು ಕೂರಿಸಲು ಶುರು ಮಾಡಿದರು. ಮೊದಮೊದಲು ರೋಗಿಗಳು ಆರಾಮಾಗಿ ನಡೆದಾಡಿದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನ್ ಸವೆದು ಪುಡಿಯಾಯಿತು. ಆ ಪುಡಿಯ ಮೇಲೆ ದೇಹ ದಾಳಿ ಮಾಡಿತು, ಸುತ್ತಲಿನ ಅಂಗಾಂಶ ಹಾಳಾಯಿತು. ಚಾರ್ನ್ಲಿ ಏನು ಮಾಡಿದರು ಗೊತ್ತಾ? ತಮ್ಮದೇ ತೊಡೆಯೊಳಗೆ ಟೆಫ್ಲಾನ್ ಸೇರಿಸಿಕೊಂಡು ಪರೀಕ್ಷಿಸಿದರು. ಅದು ಗಂಟು ಕಟ್ಟಿತು. 1963ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. ಅಷ್ಟರಲ್ಲಿ ಟೆಫ್ಲಾನ್ ಕೈಬಿಟ್ಟು ಗಟ್ಟಿ ಪಾಲಿಎಥಿಲೀನ್‌ಗೆ ಬದಲಾಗಿದ್ದರು.

ಇಪ್ಪತ್ತು ವರ್ಷ ಮುಂದೆ ಬನ್ನಿ. 1983ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ವಿಟೆಕ್ ಕಂಪನಿಯ ದವಡೆ ಇಂಪ್ಲಾಂಟಿಗೆ ಅಲ್ಲಿನ ಎಫ್‌ಡಿಎ ಹಸಿರು ನಿಶಾನೆ ತೋರಿಸಿತು. ಹಾಳಾದ ಡಿಸ್ಕ್ ತೆಗೆದು ಅಲ್ಲಿ ಇಡುವ ತೆಳು ಹಾಳೆ ಅದು, ಪ್ರೋಪ್ಲಾಸ್ಟ್ ಮತ್ತು ಟೆಫ್ಲಾನ್‌ನದ್ದು. ಮಾರುಕಟ್ಟೆಯಲ್ಲಿ ಈಗಾಗಲೇ ಇರುವ ಸಾಧನಕ್ಕೆ ಸರಿಸಮ ಅಂತ ತೋರಿಸಿದರೆ ಸಾಕಿತ್ತು, ಮನುಷ್ಯರ ಮೇಲೆ ದೀರ್ಘ ಪರೀಕ್ಷೆ ಬೇಕಿರಲಿಲ್ಲ.

ಸಾವಿರಾರು ಜನರ ದವಡೆಗೆ ಅದು ಸೇರಿತು, ಹೆಚ್ಚಿನವರು ಹೆಂಗಸರು. ಇಲ್ಲೂ ಮೊದಲು ಎಷ್ಟೋ ಜನಕ್ಕೆ ಆರಾಮ. ಆಮೇಲೆ ಅಗಿದಗಿದು ಹಾಳೆ ಹರಿಯಿತು, ಚೂರುಗಳ ವಿರುದ್ಧ ದೇಹ ತಿರುಗಿಬಿತ್ತು, ದವಡೆ ಮೂಳೆ ಕರಗಿತು. ಕೆಲವರಲ್ಲಿ ಕೀಲಿನ ಮೇಲಿನ ತಲೆಬುರುಡೆಯ ಮೂಳೆಯೂ ತೂತು ಬಿತ್ತು. ಒಂದರ ಮೇಲೊಂದು ಸರ್ಜರಿ ಮಾಡಿಸಿಕೊಂಡವರು ಎಷ್ಟೋ ಜನ. ಅಷ್ಟರಲ್ಲೇ ರೋಗಿಗಳು ಒಟ್ಟುಗೂಡಿ 1986ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. 1990ರಲ್ಲಿ ವಿಟೆಕ್ ದಿವಾಳಿ ಎದ್ದಿತು, ಎಫ್‌ಡಿಎ ಆ ಇಂಪ್ಲಾಂಟುಗಳನ್ನು ವಶಪಡಿಸಿಕೊಂಡಿತು. 1992ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆಯಿತು.

ನನ್ನನ್ನು ಕಾಡೋದು ಒಂದೇ ವಿಷಯ. ಟೆಫ್ಲಾನ್ ಭಾರ ತಾಳಲ್ಲ ಅನ್ನೋದು ಗುಟ್ಟಾಗಿರಲಿಲ್ಲ, ಹೆಸರಾಂತ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಆದರೆ ಸೊಂಟ ಮೂಳೆ ಡಾಕ್ಟರದ್ದು, ದವಡೆ ದಂತವೈದ್ಯರದ್ದು. ಕಾಲೇಜು ಬೇರೆ, ಸಮ್ಮೇಳನ ಬೇರೆ, ಓದುವ ಪತ್ರಿಕೆಯೂ ಬೇರೆ. ಪಕ್ಕದ ಟೀಮ್ ಮುಗಿಸಿ ಬರೆದಿಟ್ಟ ಪಾಠವನ್ನು ಯಾರೂ ತೆರೆದು ನೋಡದಿರುವುದು ಆಫೀಸಲ್ಲಿ ನಮಗೆ ಹೊಸದೇನಲ್ಲ. ಇಲ್ಲಿ ಅದರ ಬೆಲೆ ತೆತ್ತಿದ್ದು ರೋಗಿಗಳು.

ಇವತ್ತು ದವಡೆ ನೋವಿಗೆ ಮೊದಲು ಹೇಳೋದು ಮೆತ್ತಗಿನ ಊಟ, ಫಿಸಿಯೋಥೆರಪಿ, ಬೇಕಿದ್ದರೆ ಹಲ್ಲಿಗೆ ಸ್ಪ್ಲಿಂಟ್. ಹೆಚ್ಚಿನವರಿಗೆ ಸರ್ಜರಿ ಬೇಕಾಗೋದೇ ಇಲ್ಲ. ಕೀಲು ಪೂರ್ತಿ ಹಾಳಾದವರಿಗೆ ಕೃತಕ ಕೀಲು ಹಾಕುತ್ತಾರೆ. ಅದರ ಮೇಲ್ಭಾಗದ ಗುಳಿಗೆ ಬಳಸೋದು ಪಾಲಿಎಥಿಲೀನ್. ಚಾರ್ನ್ಲಿ ಸೊಂಟಕ್ಕೆ ಅದನ್ನು ಆರಿಸಿದ್ದು 1962ರಲ್ಲಿ.